ನಲವತ್ತು ದಿನ ಕಾಯದ ಕಣ್ಣು

ಹೆರಿಗೆಯ ಬಳಿಕ ನಲವತ್ತು ದಿನ ತಾಯಿಯೂ ಮಗುವೂ ಹೊಸ್ತಿಲು ದಾಟಬಾರದೆಂಬ ರೂಢಿ ನಮ್ಮ ಅನೇಕ ಮನೆಗಳಲ್ಲಿದೆ. ಬಾಣಂತಿಗೆ ವಿಶ್ರಾಂತಿ ದೊರೆಯಲಿ, ಹಸುಗೂಸಿಗೆ ಸೋಂಕು ತಗಲದಿರಲಿ ಎಂಬ ಅದರ ಹಿಂದಿನ ಕಾಳಜಿ ಗೌರವಾರ್ಹವೇ. ಆದರೆ ಅವಧಿಗೆ ಮುನ್ನ ಜನಿಸಿದ ಶಿಶುವಿನ ವಿಷಯದಲ್ಲಿ ಇದೇ ರೂಢಿ ದೃಷ್ಟಿಗೆ ಎರವಾಗಬಹುದು.

ಕಣ್ಣಿನ ಒಳಪದರವಾದ ಅಕ್ಷಿಪಟಲದ ರಕ್ತನಾಳಗಳು ಗರ್ಭದ ಸುಮಾರು 16ನೇ ವಾರದಿಂದ ಬೆಳೆಯತೊಡಗಿ, ದಿನ ತುಂಬುವ ಹೊತ್ತಿಗೆ ಅಂಚನ್ನು ತಲಪುತ್ತವೆ. ಬೇಗ ಹುಟ್ಟಿದ ಮಗುವಿನಲ್ಲಿ ಈ ಬೆಳವಣಿಗೆ ಅರ್ಧಕ್ಕೇ ನಿಂತಿರುತ್ತದೆ. ಜೀವ ಉಳಿಸಲು ನೀಡುವ ಆಮ್ಲಜನಕ ಮಿತಿಮೀರಿದರೂ ಅದಕ್ಕೆ ಹಾನಿಯುಂಟು. ಬಳಿಕ ಅಸಹಜ ನಾಳಗಳು ಬೆಳೆದು, ಅಕ್ಷಿಪಟಲವನ್ನೇ ಸೆಳೆದು ಕಳಚಬಹುದು. ಇದೇ ‘ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ’, ಅಂದರೆ ಆರ್‌ಒಪಿ. ಆರಂಭದಲ್ಲಿ ಹೊರಗಣ್ಣಿಗೆ ಏನೂ ಕಾಣದು. ಕಣ್ಣಿನ ಪಾಪೆ ಬೆಳ್ಳಗಾಗಿ ತೋರುವ ವೇಳೆಗೆ ಹೆಚ್ಚಾಗಿ ಕಾಲ ಮಿಂಚಿರುತ್ತದೆ.

ಆದ್ದರಿಂದಲೇ 34 ವಾರಕ್ಕೆ ಮುನ್ನ ಹುಟ್ಟಿದ ಅಥವಾ 2000 ಗ್ರಾಂಗಿಂತ ಕಡಿಮೆ ತೂಗಿದ ಶಿಶುಗಳ ಕಣ್ಣನ್ನು 30 ದಿನಗಳೊಳಗೆ ಪರೀಕ್ಷಿಸಬೇಕೆಂದು ನಮ್ಮ ದೇಶದ ವೈದ್ಯರು ವಿಧಿಸಿದ್ದಾರೆ. 28 ವಾರಕ್ಕೂ ಮುನ್ನ ಹುಟ್ಟಿದ ಕೂಸಿಗೆ ಎರಡು ಮೂರು ವಾರಗಳಲ್ಲೇ ಆಗಬೇಕು. ರೋಗ ತೀವ್ರವಿದ್ದರೆ ಎರಡು ಮೂರು ದಿನಗಳೊಳಗೆ ಲೇಸರ್ ಅಥವಾ ಚುಚ್ಚುಮದ್ದಿನ ಚಿಕಿತ್ಸೆ ಅಗತ್ಯ.

ಕರ್ನಾಟಕ ಈ ದಿಸೆಯಲ್ಲಿ ಜಗತ್ತಿಗೇ ದಾರಿ ತೋರಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ‘ಕಿಡ್‌ರಾಪ್’ ಯೋಜನೆ ಆರಂಭವಾಯಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾದೊಡನೆ ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ತೆರಳಿ ಕಣ್ಣಿನ ಚಿತ್ರ ತೆಗೆಯುತ್ತಾರೆ. ದೂರದಲ್ಲಿರುವ ತಜ್ಞರು ಅದನ್ನು ಅಂತರ್ಜಾಲದ ಮೂಲಕ ನೋಡಿ ತೀರ್ಮಾನಿಸುತ್ತಾರೆ.

ಆದರೆ ಒಂದು ಪರೀಕ್ಷೆಗೆ ಕೆಲಸ ಮುಗಿಯದು. ನಾಳಗಳು ಪೂರ್ಣ ಬೆಳೆಯುವವರೆಗೆ ಒಂದೆರಡು ವಾರಕ್ಕೊಮ್ಮೆ ಮರುಪರೀಕ್ಷೆ ಬೇಕು. ನಂಜನಗೂಡು ತಾಲ್ಲೂಕಿನ ಕಳಲೆಯಂತಹ ಊರಿನ ಕುಟುಂಬವೊಂದನ್ನು ಊಹಿಸಿಕೊಳ್ಳಿ. ಮಗು ಮೈಸೂರಿನ ಆಸ್ಪತ್ರೆಯಿಂದ ಚೇತರಿಸಿಕೊಂಡು ಮನೆ ಸೇರಿದೆ. ಮತ್ತೆ ಮೈಸೂರಿಗೆ ಹೋಗಬೇಕೆಂದರೆ ತಂದೆಗೆ ಒಂದು ದಿನದ ಕೂಲಿ ನಷ್ಟ, ಮೇಲೆ ವಾಹನದ ಖರ್ಚು. ಹಿರಿಯರದು “ನಲವತ್ತು ಕಳೆಯಲಿ” ಎಂಬ ಮಾತು. ಅಷ್ಟರಲ್ಲಿ ಅಮೂಲ್ಯ ದಿನಗಳು ಜಾರಿಹೋಗುತ್ತವೆ.

ಧರ್ಮವು ಬಾಣಂತಿಗೆ ನೀಡಿರುವುದು ನಮಾಝ್ ಹಾಗೂ ಉಪವಾಸದಲ್ಲಿ ವಿನಾಯಿತಿಯೇ ಹೊರತು ಚಿಕಿತ್ಸೆಗೆ ನಿಷೇಧವಲ್ಲ. ರೋಗಕ್ಕೆ ಚಿಕಿತ್ಸೆ ಪಡೆಯಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಮಗು ಅಲ್ಲಾಹನು ನಮಗೊಪ್ಪಿಸಿದ ಅಮಾನತ್. ಅದರ ಕಣ್ಣೂ ಅಮಾನತ್ತೇ.

ಆಸ್ಪತ್ರೆಯಿಂದ ಮನೆಗೆ ಹೊರಡುವಾಗ “ಕಣ್ಣಿನ ಪರೀಕ್ಷೆ ಯಾವ ದಿನ?” ಎಂದು ಕೇಳಿ ಬರೆಸಿಕೊಳ್ಳಿರಿ. ಮಸೀದಿಯ ಜಮಾಅತ್‌ಗಳು ಜುಮಾ ದಿನ ಈ ವಿಷಯ ತಿಳಿಸಲಿ. ಬಡ ಕುಟುಂಬಕ್ಕೆ ಆ ದಿನದ ವಾಹನ ವ್ಯವಸ್ಥೆ ಮಾಡಲಿ. ಒಂದು ದಿನದ ಪ್ರಯಾಣ ತಪ್ಪಿದ್ದಕ್ಕಾಗಿ ಒಂದು ಮಗು ಜೀವನವಿಡೀ ಕತ್ತಲಲ್ಲಿ ಕಳೆಯುವಂತಾಗಬಾರದು.