ವೇಗವನ್ನು ತಗ್ಗಿಸುವ ಅಧಿಕಾರ ಯಾರದು?

ಗಣಕಯಂತ್ರದ ಪ್ರೊಸೆಸರು ಸದಾ ಪೂರ್ಣ ವೇಗದಲ್ಲಿ ದುಡಿಯಬೇಕೆಂಬುದು ಹಲವರ ಭಾವನೆ. ಇದು ಸರಿಯಲ್ಲ. ಕೆಲಸ ಕಡಮೆಯಿರುವಾಗ ವೇಗವನ್ನು ತಗ್ಗಿಸಿಕೊಳ್ಳುವುದೇ ಜಾಣತನ.

ಪ್ರೊಸೆಸರಿನ ಸ್ವಿಚ್ಚುಗಳು ಬದಲಾಗುವಾಗ ಸೆಕೆಂಡಿಗೆ ವ್ಯಯವಾಗುವ ಶಕ್ತಿಯು ಸ್ಪಂದನದ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ವೇಗವನ್ನಷ್ಟೇ ತಗ್ಗಿಸಿದರೆ ಅದೇ ಕೆಲಸಕ್ಕೆ ಹೆಚ್ಚು ಕಾಲ ಹಿಡಿಯುವುದರಿಂದ ಉಳಿತಾಯ ಅಲ್ಪ. ಆದರೆ ನಿಧಾನವಾದ ಸ್ಪಂದನಕ್ಕೆ ಕಡಮೆ ವೋಲ್ಟೇಜು ಸಾಕು. ನಿಜವಾದ ಲಾಭವಿರುವುದು ಅಲ್ಲಿಯೇ. ಎರಡನ್ನೂ ಅರ್ಧಕ್ಕಿಳಿಸಲು ಸಾಧ್ಯವಾದರೆ, ಇಮ್ಮಡಿ ಕಾಲ ಹಿಡಿದರೂ ಕಾಲುಭಾಗ ಶಕ್ತಿಯಲ್ಲಿ ಕೆಲಸ ಮುಗಿಯುವುದು. 2000ದಲ್ಲಿ ಇಂಟೆಲ್ ಸಂಸ್ಥೆಯು ಮಡಿಲ ಗಣಕಗಳ ಪೆಂಟಿಯಂ 3 ಪ್ರೊಸೆಸರುಗಳಲ್ಲಿ ‘ಸ್ಪೀಡ್‌ಸ್ಟೆಪ್’ ಎಂಬ ಹೆಸರಿನಿಂದ ಈ ಉಪಾಯವನ್ನು ಬಳಕೆಗೆ ತಂದಿತು.

ಉಪಾಯವನ್ನು ನಾವು ಮೆಚ್ಚುತ್ತೇವೆ. ಅದನ್ನು ಗುಟ್ಟಾಗಿ ಬಳಸುವುದನ್ನು ಒಪ್ಪಲಾರೆವು. ಬ್ಯಾಟರಿ ಹಳತಾದ ಕೆಲವು ಐಫೋನುಗಳ ವೇಗವನ್ನು ತಾನು ತಗ್ಗಿಸುತ್ತಿದ್ದುದಾಗಿ ಆಪಲ್ ಸಂಸ್ಥೆಯು 2017ರಲ್ಲಿ ಒಪ್ಪಿಕೊಂಡಿತು. ಫೋನು ಥಟ್ಟನೆ ಆರಿಹೋಗದಿರಲೆಂದು ಹಾಗೆ ಮಾಡಿದೆವೆಂಬುದು ಅದರ ಸಮಾಧಾನ. ಕಾರಣವೇನೋ ಯುಕ್ತವೇ. ಆದರೆ ವಿಷಯ ತಿಳಿಯದವನು ಬ್ಯಾಟರಿಯನ್ನು ಬದಲಿಸುವ ಬದಲು ಹೊಸ ಫೋನನ್ನೇ ಕೊಂಡಾನು! ಬಳಕೆದಾರರಿಗೆ ತಿಳಿಸದಿದ್ದ ಈ ತಪ್ಪಿಗಾಗಿಯೇ ಫ್ರಾನ್ಸ್ ದೇಶದಲ್ಲಿ 2020ರಲ್ಲಿ 2.5 ಕೋಟಿ ಯೂರೋ ದಂಡ ಬಿದ್ದಿತು.

ಯಂತ್ರವು ನಿಧಾನಿಸಲಿ, ಏಕೆ ನಿಧಾನಿಸಿತೆಂಬುದನ್ನು ಅದರ ಒಡೆಯನಿಗೆ ತಿಳಿಸುವುದು ತಯಾರಕರ ಕರ್ತವ್ಯವೆಂಬುದು ನಮ್ಮ ಅಭಿಪ್ರಾಯ.