ಅಂಜುದೀವ್ ಗೆದ್ದೆವು, ಅರಗಾದವರಿಗೆ ಏನು ಕೊಟ್ಟೆವು?

ಹಬ್ಬದ ರಜೆಯಲ್ಲಿ ತೆಕ್ಕಟ್ಟೆಯ ಮನೆಗೆ ಬಂದಾಗ ಅಜ್ಜಯ್ಯನ ಹಳೆಯ ತಗಡಿನ ಡಬ್ಬಿಯಲ್ಲಿ ಒಂದು ನಾಣ್ಯ ಸಿಕ್ಕಿತು. ಅದರ ಮೇಲೆ 1959 ಎಂಬ ಇಸವಿ ಇತ್ತು, 3 ಎಸ್ಕುಡೊ ಎಂಬ ಬೆಲೆ ಇತ್ತು. ‘ಎಸ್ಟಾಡೊ ದ ಇಂಡಿಯಾ’ ಎಂದೂ ಬರೆದಿತ್ತು. ಪೋರ್ಚುಗೀಸರು ಗೋವಾ, ದಮನ್, ದಿಯು ಸೇರಿಸಿ ಕರೆಯುತ್ತಿದ್ದ ಹೆಸರು ಅದು. “ಇದ್ ಪರಂಗಿಯರ್ ಎಂಟಾಣಿ ಮಗಾ, ಈಗ ಎಲ್ಲೂ ನಡೀತಿಲ್ಲ” ಎಂದು ಅಜ್ಜಯ್ಯ ನಕ್ಕರು. ಗೋವಾ ವಿಮೋಚನೆಯಾದ ಮೇಲೆ ಅವರು ಹೋಟೆಲ್ ಕೆಲಸಕ್ಕೆಂದು ಅಲ್ಲಿಗೆ ಹೋಗಿದ್ದರು. ಚಲಾವಣೆ ನಿಂತ ನಾಣ್ಯವನ್ನು ಯಾರೋ ಸುಮ್ಮನೆ ಕೊಟ್ಟಿದ್ದರಂತೆ.

ಮೂರು ಎಸ್ಕುಡೊ ಹೇಗೆ ಎಂಟಾಣೆಯಾಗುತ್ತದೆ? ಲೆಕ್ಕ ಸರಳ. 1958ರವರೆಗೆ ಗೋವಾದಲ್ಲಿ ‘ರೂಪಿಯಾ’ ನಡೆಯುತ್ತಿತ್ತು. ಅದರ ಜಾಗಕ್ಕೆ ಎಸ್ಕುಡೊ ತಂದಾಗ ಒಂದು ರೂಪಿಯಾಕ್ಕೆ ಆರು ಎಸ್ಕುಡೊ ಎಂದು ನಿಗದಿಯಾಯಿತು. ಒಂದು ಎಸ್ಕುಡೊಗೆ ನೂರು ಸೆಂಟಾವೊ. ಹಾಗಾಗಿಯೇ ನಾಣ್ಯಗಳು 10, 30, 60 ಸೆಂಟಾವೊ ಮತ್ತು 1, 3, 6 ಎಸ್ಕುಡೊ ಎಂಬ ವಿಚಿತ್ರ ಬೆಲೆಗಳಲ್ಲಿ ಬಂದವು. ಹೆಸರು ಲಿಸ್ಬನ್ನಿನದಾದರೂ ಜನರ ಲೆಕ್ಕ ರೂಪಾಯಿಯದೇ ಆಗಿತ್ತು. ಆ ಹೊಸ ನಾಣ್ಯದ ಆಯಸ್ಸು ಮೂರ್ನಾಲ್ಕು ವರ್ಷ ಮಾತ್ರ.

ಈ ನಾಣ್ಯ ಚಲಾವಣೆಯಲ್ಲಿದ್ದ ಪ್ರದೇಶದಲ್ಲಿ ನಮ್ಮ ಕರಾವಳಿಗೆ ಅತ್ಯಂತ ಹತ್ತಿರದ್ದು ಗೋವಾದ ಪೇಟೆಯಲ್ಲ, ಕಾರವಾರದ ಎದುರಿಗೇ ಇರುವ ಅಂಜುದೀವ್ ದ್ವೀಪ. ಉದ್ದ ಒಂದೂವರೆ ಕಿಲೋಮೀಟರ್ ಇರಬಹುದು. ದಡದಿಂದ ಕಣ್ಣಿಗೆ ಕಾಣುತ್ತದೆ. ಆದರೂ ಆಡಳಿತದ ಲೆಕ್ಕದಲ್ಲಿ ಅದು ಇಂದಿಗೂ ಗೋವಾ ರಾಜ್ಯದ್ದು.

1498ರಲ್ಲಿ ವಾಸ್ಕೊ ಡ ಗಾಮಾ ಊರಿಗೆ ಮರಳುವಾಗ ಇಲ್ಲಿ ಹಡಗು ನಿಲ್ಲಿಸಿದ್ದ. 1505ರಲ್ಲಿ ಅಲ್ಮೇಡಾ ಇಲ್ಲಿ ಕೋಟೆ ಕಟ್ಟಿಸಿದ, ಮರುವರ್ಷವೇ ಪೋರ್ಚುಗೀಸರು ಅದನ್ನು ಬಿಟ್ಟರು. 1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೆ ಪೋರ್ಚುಗಲ್ಲಿನ ರಾಜಕುಮಾರಿಯ ವರದಕ್ಷಿಣೆಯಾಗಿ ಬೊಂಬಾಯಿ ಕೊಡುವ ಒಪ್ಪಂದವಾಯಿತು. ಅದನ್ನು ವಶಕ್ಕೆ ಪಡೆಯಲು ಅಬ್ರಹಾಂ ಶಿಪ್‌ಮನ್ ಸೈನ್ಯದೊಂದಿಗೆ ಬಂದ. ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಬೊಂಬಾಯಿ ಬಿಟ್ಟುಕೊಡಲಿಲ್ಲ. ಬೇರೆ ದಾರಿಯಿಲ್ಲದೆ ಆ ಸೈನ್ಯ ಅಂಜುದೀವ್‌ನಲ್ಲಿ ಬೀಡುಬಿಟ್ಟಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಜ್ವರ, ಭೇದಿಗೆ ಸಿಕ್ಕಿ ನೂರಾರು ಸೈನಿಕರು ಸತ್ತರು. 1664ರಲ್ಲಿ ಶಿಪ್‌ಮನ್ ಕೂಡ ಅಲ್ಲೇ ತೀರಿಕೊಂಡ. 1665ರಲ್ಲಿ ಬೊಂಬಾಯಿ ಕೈಸೇರಿದಾಗ ಉಳಿದಿದ್ದವರು ನೂರರ ಆಸುಪಾಸು. 1682ರಲ್ಲಿ ಪೋರ್ಚುಗೀಸರು ಮತ್ತೆ ಕೋಟೆ ಕಟ್ಟಿಕೊಂಡರು.

ಅಲ್ಲಿಂದ ನೇರವಾಗಿ 1961ಕ್ಕೆ ಬರೋಣ. ಆ ವರ್ಷದ ನವೆಂಬರಿನಲ್ಲಿ ಕಾರವಾರದ ಹತ್ತಿರ ಹಾದುಹೋಗುತ್ತಿದ್ದ ‘ಸಾಬರಮತಿ’ ಹಡಗಿನ ಮೇಲೆ, ನಂತರ ಮೀನುಗಾರರ ದೋಣಿಯ ಮೇಲೆ ಅಂಜುದೀವ್‌ನಿಂದ ಗುಂಡು ಹಾರಿತು. ಒಬ್ಬ ಮೀನುಗಾರ ಪ್ರಾಣ ಕಳೆದುಕೊಂಡರು. ದೇಶದಲ್ಲಿ ಸಿಟ್ಟು ಕುದಿಯಿತು. ಡಿಸೆಂಬರ್ 18ರಂದು ‘ಐಎನ್‌ಎಸ್ ತ್ರಿಶೂಲ್’ನಿಂದ ನಾವಿಕರ ತಂಡ ದ್ವೀಪಕ್ಕೆ ಇಳಿಯಿತು. ‘ಐಎನ್‌ಎಸ್ ಮೈಸೂರ್’ ಫಿರಂಗಿ ಬೆಂಬಲ ಕೊಟ್ಟಿತು. ಏಳು ನಾವಿಕರು ಹುತಾತ್ಮರಾದರು, 19 ಮಂದಿ ಗಾಯಗೊಂಡರು. ಮರುದಿನ ದ್ವೀಪ ಭಾರತದ್ದಾಯಿತು. ಅಜ್ಜಯ್ಯನ ಎಂಟಾಣೆ ಬೆಲೆ ಕಳೆದುಕೊಂಡದ್ದು ಹೀಗೆ.

ಸ್ಪರ್ಧಾ ಪರೀಕ್ಷೆಯ ಪುಸ್ತಕಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ಮುಖ್ಯ ಎನಿಸಿದ್ದು ಮುಂದಿನ ಭಾಗ.

1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ‘ಐಎನ್‌ಎಸ್ ಕದಂಬ’ ಕಾರ್ಯಾರಂಭ ಮಾಡಿತು. ಅಲೆ ತಡೆಗೋಡೆ ಕಟ್ಟಿ ಅಂಜುದೀವ್ ದ್ವೀಪವನ್ನೇ ಬಂದರಿನ ಭಾಗವಾಗಿಸಿದರು. ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನನಗೆ ಇದು ಬೆರಗಿನ ಕೆಲಸ. ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತುವ ಶಿಪ್ ಲಿಫ್ಟ್ ಅಲ್ಲಿದೆ. ವಿಮಾನವಾಹಕ ನೌಕೆಗಳೂ ಅಲ್ಲಿ ತಂಗುತ್ತವೆ. 2025ರ ಏಪ್ರಿಲ್ 5ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಎರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ಹೊಸ ಸೌಲಭ್ಯಗಳನ್ನು ಇಲ್ಲಿ ಉದ್ಘಾಟಿಸಿದರು. ಜಲಾಂತರ್ಗಾಮಿ ಬೇಟೆಗೆಂದು ಕಟ್ಟಿದ ಹೊಸ ನೌಕೆಯೊಂದಕ್ಕೆ ‘ಅಂಜದೀಪ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಐಟಿಐ ಮುಗಿಸಿದ ನನ್ನ ಗೆಳೆಯ ಕಾರವಾರದ ಹಡಗು ದುರಸ್ತಿ ಯಾರ್ಡ್‌ನಲ್ಲಿ ಅಪ್ರೆಂಟಿಸ್ ಆಗಲು ತಯಾರಿ ನಡೆಸಿದ್ದಾನೆ. ನೌಕಾಪಡೆಯ ತಾಂತ್ರಿಕ ವಿಭಾಗ ಸೇರುವ ಆಸೆ ನನಗೂ ಇದೆ.

ಆದರೆ ಈ ನೆಲೆಗಾಗಿ ಅರಗಾ, ಚೆಂಡಿಯಾ ಸೇರಿದಂತೆ ಕಾರವಾರ, ಅಂಕೋಲಾ ತಾಲ್ಲೂಕುಗಳ 13 ಗ್ರಾಮಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಜಾಗ ಬಿಟ್ಟುಕೊಟ್ಟವು. ಗದ್ದೆ ಹೋಯಿತು, ದೋಣಿ ಎಳೆದಿಡುವ ಕಡಲತೀರ ಹೋಯಿತು. ಪರಿಹಾರದ ಹಣಕ್ಕಾಗಿ ಹಲವರು ದಶಕಗಳ ಕಾಲ ಕೋರ್ಟು, ಕಚೇರಿ ಅಲೆದರು. ಆಗ ಜಾರಿಯಲ್ಲಿದ್ದದ್ದು ಬ್ರಿಟಿಷರ ಕಾಲದ 1894ರ ಭೂಸ್ವಾಧೀನ ಕಾಯ್ದೆ. ಮೀನು ಹಿಡಿಯುವವನಿಗೆ ಕಡಲೇ ಹೊಲ. ಆದರೆ ಕಡಲಿಗೆ ಪಹಣಿ ಪತ್ರ ಇರುವುದಿಲ್ಲ. ಪತ್ರ ಇಲ್ಲದ ನಷ್ಟಕ್ಕೆ ಬೆಲೆ ಕಟ್ಟುವುದು ಹೇಗೆ?

ಇದು ಮುಗಿದ ವಿಷಯ ಎಂದುಕೊಳ್ಳಬೇಡಿ. 2025ರ ಜುಲೈನಲ್ಲಿ ಲಕ್ಷದ್ವೀಪ ಆಡಳಿತ ಬಿತ್ರ ಎಂಬ ಪುಟ್ಟ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಳ್ಳಲು ಸಾಮಾಜಿಕ ಪರಿಣಾಮ ಅಧ್ಯಯನಕ್ಕೆ ಆದೇಶಿಸಿತು. 2011ರ ಜನಗಣತಿಯಂತೆ ಅಲ್ಲಿದ್ದವರು 271 ಜನ. ಅಲ್ಲಿನ ಸಂಸದರು ವಿರೋಧಿಸಿದರು. ಬಿತ್ರ ನಮಗೆ ದೂರದ್ದಲ್ಲ. ಅದು ಸೇರಿದ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ತೆಕ್ಕಟ್ಟೆಯೂ ಬಿತ್ರವೂ ಆಗ ಒಂದೇ ಜಿಲ್ಲೆ! ಆ ದ್ವೀಪಗಳ ಜನ ತೆಂಗಿನ ನಾರಿನ ಹುರಿಯನ್ನು ಸರ್ಕಾರಕ್ಕೆ ಕೊಟ್ಟು ಮಂಗಳೂರಿನಿಂದ ಅಕ್ಕಿ ಪಡೆಯುತ್ತಿದ್ದರು. ಹುರಿಯೇ ಅವರ ನಾಣ್ಯ. ಅದರ ಬೆಲೆ ನಿರ್ಧರಿಸುತ್ತಿದ್ದದ್ದು ದಡದಲ್ಲಿದ್ದ ಅಧಿಕಾರಿಗಳು.

ಈಗ 2013ರ ಕಾಯ್ದೆ ಇದೆ. ಸಾಮಾಜಿಕ ಪರಿಣಾಮ ಅಧ್ಯಯನ ಮಾಡಬೇಕು, ಗ್ರಾಮೀಣ ಭಾಗದಲ್ಲಿ ಮಾರುಕಟ್ಟೆ ಬೆಲೆಯ ಎರಡರಿಂದ ನಾಲ್ಕು ಪಟ್ಟು ಪರಿಹಾರ ಕೊಡಬೇಕು ಎನ್ನುತ್ತದೆ ಅದು. ಜೀವನೋಪಾಯ ಕಳೆದುಕೊಳ್ಳುವವರ ಪುನರ್ವಸತಿಯೂ ಅದರಲ್ಲಿದೆ. 1894ಕ್ಕೆ ಹೋಲಿಸಿದರೆ ಇದು ದೊಡ್ಡ ಹೆಜ್ಜೆ. ಆದರೆ ರಕ್ಷಣೆಯ ತುರ್ತು ಎಂದರೆ ಅಧ್ಯಯನವನ್ನೇ ಬಿಡಲು ಅದೇ ಕಾಯ್ದೆಯ 40ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಹಾಗಾಗಿ ಕಾನೂನು ಎಷ್ಟು ಒಳ್ಳೆಯದು ಎನ್ನುವುದಕ್ಕಿಂತ, ಅದನ್ನು ಪೂರ್ತಿ ಪಾಲಿಸುತ್ತಾರೋ ಇಲ್ಲವೋ ಎನ್ನುವುದು ಮುಖ್ಯ.

ನೌಕಾನೆಲೆ ಬೇಡ ಎನ್ನುವವನು ನಾನಲ್ಲ. ಕಡಲ ಕಡೆಯಿಂದ ಬಂದವರಿಗೆ ಅಂಜುದೀವ್ ಎಷ್ಟು ಬೇಕಾಗಿತ್ತು ಎಂಬುದನ್ನು ಐದು ಶತಮಾನಗಳ ಚರಿತ್ರೆಯೇ ಹೇಳುತ್ತದೆ. ಅದು ನಮ್ಮ ಕೈಯಲ್ಲೇ ಇರಬೇಕು. ಆದರೆ ದ್ವೀಪವನ್ನು ಗೆದ್ದ ಏಳು ನಾವಿಕರಿಗೆ ಅಲ್ಲಿ ಸ್ಮಾರಕವಿದೆ. ಜಾಗ ಬಿಟ್ಟ ನಾಲ್ಕು ಸಾವಿರ ಕುಟುಂಬಗಳಿಗೆ ಸ್ಮಾರಕ ಬೇಡ, ಪರಿಹಾರ ಸಮಯಕ್ಕೆ ಸಿಗಬೇಕಿತ್ತು. ಅವರ ಮಕ್ಕಳಿಗೆ ಆ ಯಾರ್ಡ್‌ನಲ್ಲಿ ಮೊದಲ ಅವಕಾಶ ಸಿಗಬೇಕು. ನನ್ನ ಅರ್ಜಿ ಅವರ ಹಿಂದೆ ಇರಲಿ.

ಗೆಳೆಯರೇ, ಪರೀಕ್ಷೆಯಲ್ಲಿ ಅಂಜುದೀವ್ ಬಗ್ಗೆ ಪ್ರಶ್ನೆ ಬಂದರೆ ಉತ್ತರ 1961 ಎಂದು ಬರೆಯಿರಿ, ಅಂಕ ಸಿಗುತ್ತದೆ. ಉದ್ಯೋಗಕ್ಕೆಂದು ಕಾರವಾರಕ್ಕೆ ಹೋದರೆ ಮಾತ್ರ ಅರಗಾದ ಹಿರಿಯರೊಬ್ಬರ ಹತ್ತಿರ ಕೂತು ಅವರ ಮನೆ ಎಲ್ಲಿತ್ತು ಎಂದು ಕೇಳಿ. ಅಜ್ಜಯ್ಯನ ನಾಣ್ಯವನ್ನು ನಾನು ಮತ್ತೆ ಡಬ್ಬಿಗೇ ಹಾಕಿಟ್ಟೆ. ನಡೆಯದ ನಾಣ್ಯಕ್ಕೆ ಡಬ್ಬಿಯಾದರೂ ಇದೆ. ತಡವಾಗಿ ಬಂದ ಪರಿಹಾರವೂ ನಡೆಯದ ನಾಣ್ಯದ ಹಾಗೆಯೇ ಅಲ್ಲವೇ?