ಕೆಂಪು ಕೋಸು ಮಾರೋಕಲ್ಲ, ತಿನ್ನೋಕೆ

ಬಯಲುಸೀಮೆಯವನು ಕೆಂಪು ಕೋಸಿನ ಬಗ್ಗೆ ಬರೆದಿದ್ದಾನೆ ಅಂತ ನಗಬೇಡಿ. ನಮ್ಮದು ಚಳ್ಳಕೆರೆ ಕಡೆ. ಶೇಂಗಾ, ತೊಗರಿ, ಮನೆಗಾಗುವಷ್ಟು ರಾಗಿ. ವರ್ಷಕ್ಕೆ 500 ಮಿ.ಮೀ. ಮಳೆ ಬಿದ್ದರೆ ದೇವರು ಕಣ್ಣುಬಿಟ್ಟ ಅನ್ನೋ ಜನ ನಾವು.

2017ರಲ್ಲಿ ಪೇಟೆಯ ವ್ಯಾಪಾರಿಯೊಬ್ಬರು, ಹೋಟೆಲಿನವರು ಸಾಲಡ್ಡಿಗೆ ಕೇಳ್ತಾರೆ, ಎಷ್ಟು ಬೆಳೆದರೂ ಎತ್ತುತ್ತೇನೆ ಅಂದರು. ಬೋರಿನ ನೀರು ನಂಬಿ 10 ಗುಂಟೆಗೆ ಹಾಕಿದೆ. ಬಿಳಿ ಕೋಸು ಎರಡೂವರೆ ತಿಂಗಳಿಗೆ ಕೈಗೆ ಬರುತ್ತೆ. ಇದು ಮೂರೂವರೆ ತಿಂಗಳು ಕೂತಿತು. ಕೊನೇ ತಿಂಗಳು ಬೋರು ಬಿಕ್ಕಳಿಸಿತು, ಗೆಡ್ಡೆ ಸಣ್ಣಗಾಯ್ತು. ಒಂದು ಲೋಡು ಹೋಯ್ತು, ಎರಡನೇದಕ್ಕೆ 'ಸೈಜಿಲ್ಲ' ಅಂದರು, ಆಮೇಲೆ ಫೋನೇ ಎತ್ತಲಿಲ್ಲ. ಸಂತೆಗೆ ಒಯ್ದರೆ ಒಬ್ಬಳು ಅಜ್ಜಿ, 'ಇದೇನಪ್ಪ, ಕೊಳೆತದ್ದಾ?' ಅಂದಳು. ಉಳಿದದ್ದು ಎಮ್ಮೆಗೆ. ಹಾಲಿಗೂ ವಾಸನೆ ಬಂತು.

ಮನೆಯಲ್ಲಿ ಪಲ್ಯ ಮಾಡಿದರೆ ಅದು ಬಟ್ಟೆಗೆ ಹಾಕೋ ನೀಲಿಯ ಹಂಗಾಯ್ತು. ಹೆಂಡತಿ ವಿಷ ಅಂತ ಹೆದರಿ ಚೆಲ್ಲಿಬಿಟ್ಟಳು. ಹೈಸ್ಕೂಲಿನಲ್ಲಿದ್ದ ಅಣ್ಣನ ಮಗಳು ವಿಷಯ ಬಿಡಿಸಿ ಹೇಳಿದಳು: ಈ ಬಣ್ಣ ಹುಳಿಗೆ ಕೆಂಪಾಗುತ್ತೆ, ಕ್ಷಾರಕ್ಕೆ ನೀಲಿಯಾಗುತ್ತೆ. ನಮ್ಮ ಬೋರಿನ ನೀರು ಹಲ್ಲಿಗೆ ಅಂಟೋ ಗಡಸು ನೀರು. ಒಂದು ಲೋಟ ಬೋರಿನ ನೀರು, ಒಂದು ಲೋಟ ಮಳೆ ನೀರು ಇಟ್ಟು ಎರಡಕ್ಕೂ ಕೋಸಿನ ರಸ ಬಿಟ್ಟು ತೋರಿಸಿದಳು. ಮಳೆ ನೀರಲ್ಲಿ ನೇರಳೆ ನೇರಳೆಯಾಗೇ ಉಳೀತು, ಬೋರಿನದು ನೀಲಿಗೆ ತಿರುಗಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅವತ್ತೇ ಮೊದಲ ಸಲ ನೀರಿನ ಗುಣ ಕಣ್ಣಿಗೆ ಕಂಡಿದ್ದು. ಒಗ್ಗರಣೆಗೆ ಕೋಸು ಹಾಕಿದ ಕೂಡಲೇ ನಿಂಬೆಹುಳಿಯೋ ಹುಣಸೆರಸವೋ ಬಿಟ್ಟರೆ ಪಲ್ಯ ಕೆಂಪಗೇ ಇರುತ್ತೆ. ರುಚಿಗೂ ಅದೇ ಸರಿ.

ಅವತ್ತಿಂದ ಇದು ನಮ್ಮ ಹಿತ್ತಲ ಬೆಳೆ. ಯಾಕೆ ಅಂತೀರಾ? ಹಿಂದೆ ನೆಂಟರ ತೋಟದಲ್ಲಿ ಬಿಳಿ ಕೋಸಿಗೆ ವಾರಕ್ಕೆ ಎರಡು ಸಲ ಔಷಧಿ ಹೊಡೆದವನು ನಾನೇ. ನಾಳೆ ಕೊಯ್ಯೋದು ಅಂದರೆ ಇವತ್ತೂ ಹೊಡೀತಿದ್ದೆವು. ಆ ಮನೆಯಲ್ಲಿ ಆ ಕೋಸು ಮಾತ್ರ ಬೇಯಿಸ್ತಿರಲಿಲ್ಲ. ಹಂಗಾಗಿ ನನ್ನ ಅಭಿಪ್ರಾಯ ಇಷ್ಟೇ: ಬೇರೆ ತರಕಾರಿ ಸಂತೆಯಿಂದ ತಂದರೂ ತರ್ರಿ, ಕೋಸು ಮಾತ್ರ ಮನೇಲಿ ಬೆಳಕೊಳ್ಳಿ. ಅದರಲ್ಲೂ ಕೆಂಪು. ನೇರಳೆ ಎಲೆ ಮೇಲೆ ಹಸಿರು ಹುಳ ಎದ್ದು ಕಾಣುತ್ತೆ. ಬೆಳಗ್ಗೆ ಹಲ್ಲುಜ್ಜುತ್ತಾ ಹೆಕ್ಕಿ ಕೋಳಿಗೆ ಹಾಕಬಹುದು. ಸುತ್ತ ಸಾಸಿವೆ ಚೆಲ್ಲಿದರೆ ಚಿಟ್ಟೆ ಅಲ್ಲೇ ಹೋಗಿ ಮೊಟ್ಟೆ ಇಡುತ್ತೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಉಪಾಯ ಇದು. ಕೋಸು ನಾಟಿಗೆ 15 ದಿನ ಮೊದಲೇ ಸಾಸಿವೆ ಬಿತ್ತಬೇಕು. ತೀರಾ ಜಾಸ್ತಿಯಾದರೆ ಬೇವಿನ ಬೀಜದ ಕಷಾಯ.

ಗಣೇಶನ ಹಬ್ಬದ ಆಸುಪಾಸು ಮಡಿ ಮಾಡಿ, ತಿಂಗಳ ಸಸಿಯನ್ನು ಒಂದೂವರೆ ಅಡಿಗೊಂದರಂತೆ ನೆಡೋದು. ಚಳಿಗಾಲ ದಾಟಿದರೆ ನಮ್ಮ ಬಿಸಿಲಿಗೆ ಗೆಡ್ಡೆ ಕಟ್ಟಲ್ಲ. ಹದಿನೈದು ಗಿಡಕ್ಕೆ ದಿನಕ್ಕೆ ಎರಡು ಕೊಡ ನೀರು, ಅದೂ ಅಕ್ಕಿ, ಕಾಯಿಪಲ್ಯ ತೊಳೆದ ನೀರು. ಬುಡಕ್ಕೆ ಶೇಂಗಾ ಹೊಟ್ಟಿನ ಮುಚ್ಚಿಗೆ. ಗೆಡ್ಡೆ ಒಂದೂವರೆ ಸೇರು ತೂಗದಿದ್ದರೆ ಬೇಡ, ನಮ್ಮನೇಲಿ ಸೈಜು ಕೇಳೋರು ಯಾರು?

ತಕರಾರು ಇರೋದು ಬೀಜದಲ್ಲಿ. ಕೋಸು ಹೂ ಬಿಡೋಕೆ ವಾರಗಟ್ಟಲೆ ಚಳಿ ಬೇಕು. ನಮ್ಮ ಬಯಲಲ್ಲಿ ಅದು ಆಗದ ಮಾತು. ಅವರೆ, ಸೊಪ್ಪಿನ ಬೀಜದ ಹಂಗೆ ಮಡಕೆಯಲ್ಲಿ ಎತ್ತಿಡೋಕಾಗಲ್ಲ, ಕೊಳ್ಳಲೇಬೇಕು. ಅಂಗಡಿಯಲ್ಲಿ ಸಿಗೋದು 10 ಗ್ರಾಂ ಪೊಟ್ಟಣ, ಅದರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬೀಜ. ಹಿತ್ತಲಿಗೆ ಬೇಕಾದ್ದು ಇಪ್ಪತ್ತು! ಪೊಟ್ಟಣ ದೊಡ್ಡದು ಅಂತಲೇ ಜನ ಗುಂಟೆಗಟ್ಟಲೆ ಹಾಕಿ ನನ್ನ ಹಂಗೆ ಹೊಂಡಕ್ಕೆ ಬೀಳ್ತಾರೆ. ಇಪ್ಪತ್ತೈದು ಬೀಜದ ಪೊಟ್ಟಣ ಮಾಡಿದರೆ ಕಂಪನಿಯವರ ಗಂಟೇನು ಹೋಗುತ್ತೆ?

ಈ ಸಲ ನಾವು ಹನ್ನೊಂದು ಮನೆಯವರು ಸೇರಿ ಒಂದೇ ಪೊಟ್ಟಣ ತಂದೆವು. ಮಡಿ ನಮ್ಮ ಹಿತ್ತಲಲ್ಲಿ, ಸಸಿ ಎಲ್ಲರಿಗೂ. ಮಿಕ್ಕ ಬೀಜ ಬಿರಡೆ ಬಿಗಿಯಾದ ಸೀಸೆಯಲ್ಲಿ ಬೂದಿ ಜೊತೆ ಇಟ್ಟಿದ್ದೀನಿ. ಬರೋ ವರ್ಷ ಎಷ್ಟು ಹುಟ್ಟುತ್ತೆ ನೋಡಿ ಬರೀತೀನಿ. ಹಿಂಗೆ ಹಂಚಿಕೊಂಡವರು ಬೇರೆ ಊರಲ್ಲಿದ್ದರೆ ನೀವೂ ಬರೀರಿ.